ಊರಲ್ಲಿ ಇಂಜೆಕ್ಷನ್ ಹಾಕೋದು ಯಾರು? ಮೆಡಿಕಲ್ ಶಾಪ್ ಹುಡುಗ ಹಾಕಬಹುದಾ?

ಕೆರೆಏರಿ
ನಮಸ್ಕಾರ ಎಲ್ಲರಿಗೂ. ಸ್ವಲ್ಪ ಅರ್ಜೆಂಟ್ ಇದೆ.

ಅಮ್ಮನಿಗೆ ಮೂತ್ರದ ಸೋಂಕು ಕಿಡ್ನಿವರೆಗೂ ಹೋಗಿತ್ತು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದ್ವಿ. ಜ್ವರ ಇಳಿಯಿತು, ಡಿಸ್ಚಾರ್ಜ್ ಮಾಡಿದರು. ಆದರೆ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಇನ್ನೂ ಕೆಲವು ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಆಗಬೇಕಂತೆ. "ಊರಲ್ಲೇ ಹಾಕಿಸಿಕೊಳ್ಳಿ" ಅಂತ ಹೇಳಿ, ಬಾಟಲಿಗಳನ್ನು ಕವರ್‌ಗೆ ಹಾಕಿ ಕೊಟ್ಟು ಕಳಿಸಿದರು. ಕೈಯಲ್ಲಿ ಕ್ಯಾನುಲಾ (ಇಂಜೆಕ್ಷನ್ ಕೊಡೋಕೆ ರಕ್ತನಾಳಕ್ಕೆ ಹಾಕಿಟ್ಟ ಸಣ್ಣ ಕೊಳವೆ) ಹಾಗೇ ಇದೆ.

ಊರು ಜಗಳೂರು ತಾಲೂಕು. ಉಪಕೇಂದ್ರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಮೇಡಂ "ಹೊರಗಿನ ಇಂಜೆಕ್ಷನ್ ನಾನು ಹಾಕಲ್ಲ" ಅಂದುಬಿಟ್ಟರು. ಊರಿನ ಆರ್‌ಎಂಪಿ (ಡಿಗ್ರಿ, ನೋಂದಣಿ ಇಲ್ಲದೆ ವೈದ್ಯ ಮಾಡೋ) ಡಾಕ್ಟರು "ತಗೊಂಡು ಬಾ, ನೂರು ರೂಪಾಯಿ ಕೊಡು" ಅಂತಾರೆ. ಪಕ್ಕದೂರಿನ ಮೆಡಿಕಲ್ ಶಾಪ್ ಹುಡುಗ ಮನೆಗೇ ಬಂದು ಹಾಕ್ತಾನಂತೆ. ನರ್ಸಿಂಗ್ ಓದಿದವರು ಆಗಲ್ಲ ಅಂತಾರೆ, ಓದದವರು ಬರ್ತೀನಿ ಅಂತಾರೆ. ಇದೇನು ಲೆಕ್ಕ? ಕಾನೂನು ಪ್ರಕಾರ ಯಾರು ಹಾಕಬಹುದು?

ಬೆಣ್ಣೆದೋಸೆ_ಭಕ್ತ
ನಮ್ಮ ಏರಿಯಾದಲ್ಲಿ ಮೆಡಿಕಲ್ ಶಾಪ್‌ನವನೇ ಡಾಕ್ಟರ್. ಹಾಕಿಸಿಬಿಡಿ, ಏನೂ ಆಗಲ್ಲ.

ಸಿಸ್ಟರ್_ನೈಟ್‌ಡ್ಯೂಟಿ
"ಏನೂ ಆಗಲ್ಲ" ಅಂತ ಬರೆಯೋದು ಸುಲಭ. ಆದಾಗ ಪಕ್ಕದಲ್ಲಿ ನಿಂತವರಿಗೆ ಗೊತ್ತು.

ಕೆರೆಏರಿ ಅವರೇ, ಮೊದಲು ಕ್ಯಾನುಲಾ ನೋಡಿ. ಸುತ್ತ ಕೆಂಪಾಗಿದೆಯಾ, ಊದಿದೆಯಾ, ಮುಟ್ಟಿದರೆ ನೋವಿದೆಯಾ? ಇದ್ದರೆ ಅದರಲ್ಲಿ ಯಾರೂ ಏನೂ ಹಾಕಬಾರದು, ತೆಗೆಸಿ.

ಎರಡನೇದು ಔಷಧಿ. ಸೆಫ್ಟ್ರಿಯಾಕ್ಸೋನ್ ಪುಡಿ ರೂಪದಲ್ಲಿ ಬರುತ್ತೆ, ಕಲಸಿ ಕೊಡಬೇಕು. ಮಾಂಸಖಂಡಕ್ಕೆ ಕೊಡುವಾಗ ನೋವು ಕಡಿಮೆ ಆಗಲಿ ಅಂತ ಲಿಗ್ನೋಕೇನ್‌ನಲ್ಲಿ ಕಲಸ್ತಾರೆ. ಅದೇ ಮಿಶ್ರಣವನ್ನು ನರಕ್ಕೆ (ರಕ್ತನಾಳಕ್ಕೆ) ಕೊಟ್ಟರೆ ಹೃದಯಕ್ಕೇ ತೊಂದರೆ. ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಜೊತೆ ಬೆರೆಸುವ ಹಾಗಿಲ್ಲ, ಅದರಲ್ಲಿ ಕ್ಯಾಲ್ಸಿಯಂ ಇರುತ್ತೆ, ಹರಳುಗಟ್ಟುತ್ತೆ. ಶಾಪ್ ಹುಡುಗನಿಗೆ ಇದೆಲ್ಲ ಗೊತ್ತಾ ಅಂತ ಒಂದು ಸಲ ಕೇಳಿ ನೋಡಿ.

ಮೂರನೇದು ಅಲರ್ಜಿ. ಟೆಸ್ಟ್ ಡೋಸ್ ಹಾಕಿ ಏನೂ ಆಗಲಿಲ್ಲ ಅಂದರೆ ಸೇಫ್ ಅಂತ ಅಲ್ಲ. ಆಸ್ಪತ್ರೆಯಲ್ಲಿ ಚೆನ್ನಾಗಿ ಒಗ್ಗಿದ ಔಷಧಿಯೂ ಒಮ್ಮೊಮ್ಮೆ ಕೈ ಕೊಡುತ್ತೆ. ಉಸಿರು ಕಟ್ಟಿ ಬಿಪಿ ಬಿದ್ದರೆ ಆ ನಿಮಿಷದಲ್ಲೇ ತೊಡೆಗೆ ಅಡ್ರಿನಲಿನ್ ಹೋಗಬೇಕು. ಅದು ಇಲ್ಲದ ಕಡೆ ಹಾಕಿಸಬೇಡಿ.

ಕಾನೂನು ಕೇಳಿದ್ರಿ. ಡಾಕ್ಟರ್ ಬರೆದ ಆದೇಶ ಇದ್ದರೆ ನೋಂದಾಯಿತ ನರ್ಸ್ ಹಾಕಬಹುದು. ನಾವೇ ತೀರ್ಮಾನ ಮಾಡಿ ಹಾಕುವ ಹಾಗಿಲ್ಲ, ಬರೆದುಕೊಡುವ ಅಧಿಕಾರವೂ ನಮಗಿಲ್ಲ.

ಹೊನ್ನಾಳಿ_ಹಳಬ
ಎಲ್ಲಾ ಸರಿ ತಾಯಿ. ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೆ ಎದ್ದು ಬರೋದು ಯಾರು? ನಿಮ್ಮ ನೋಂದಾಯಿತರಾ? ನಮ್ಮೂರ ಆರ್‌ಎಂಪಿ ಮೂರು ತಲೆಮಾರು ನೋಡಿದಾನೆ. ಓದಿಲ್ಲ ಅಂತ ಬಯ್ಯೋದು ಪೇಟೆಯವರಿಗೆ ಸುಲಭ.

ದುರ್ಗದ_ಬಿಸಿಲು
ಹಿರಿಯರೇ, ಬರೋದು ಬೇರೆ, ಬಂದು ಏನು ಮಾಡ್ತಾರೆ ಅನ್ನೋದು ಬೇರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯ 34ನೇ ಕಲಂ ಪ್ರಕಾರ, ನೋಂದಣಿ ಇಲ್ಲದೆ ಅಲೋಪಥಿ ವೈದ್ಯ ಮಾಡಿದರೆ ಒಂದು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಕ್ಲಿನಿಕ್ ಇಟ್ಟರೆ ಕರ್ನಾಟಕದಲ್ಲಿ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು, 2007ರ ಕಾಯ್ದೆ ಅದು. ನಿಮ್ಮ ಆರ್‌ಎಂಪಿ ಗೋಡೆ ಮೇಲೆ ಆ ನಂಬರ್ ಇದೆಯಾ?

ಹೊನ್ನಾಳಿ_ಹಳಬ
ಗೋಡೆ ಮೇಲೆ ದೇವರ ಫೋಟೋ ಇದೆ. ಸಾಕು ನಮಗೆ.

ಬೆಣ್ಣೆದೋಸೆ_ಭಕ್ತ
😂😂 ಹಳಬರಿಗೆ ಜೈ

ಕೌಂಟರ್_ಒಳಗಿಂದ
ನಾನು ಫಾರ್ಮಸಿಸ್ಟ್, ದಾವಣಗೆರೆಯಲ್ಲೇ ಕೌಂಟರ್‌ನಲ್ಲಿ ಇರ್ತೀನಿ. ಶಾಪ್ ಹುಡುಗನ ವಿಷಯ ನಾನು ಹೇಳ್ತೀನಿ.

ಔಷಧ ಅಂಗಡಿಗೆ ಕೊಡುವ ಲೈಸೆನ್ಸ್ ಫಾರಂ 20 ಮತ್ತು 21ರಲ್ಲಿ ಇರುತ್ತೆ. ಅದು ಚಿಲ್ಲರೆ ಮಾರಾಟಕ್ಕೆ ಮಾತ್ರ. ಸಿರಿಂಜ್ ಮಾರಬಹುದು, ಚುಚ್ಚೋಕೆ ಆ ಲೈಸೆನ್ಸ್‌ನಲ್ಲಿ ಜಾಗ ಇಲ್ಲ. ಇನ್ನು ಚೀಟಿ ನೋಡಿ ಔಷಧಿ ಕೊಡೋದು ಕೂಡ ನೋಂದಾಯಿತ ಫಾರ್ಮಸಿಸ್ಟ್ ಕೆಲಸ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಹೇಳೋದು ಅದೇ. ಆ ಹುಡುಗ ಡಿ.ಫಾರ್ಮ್ (ಫಾರ್ಮಸಿ ಡಿಪ್ಲೊಮಾ) ಮಾಡಿದಾನಾ ಅಥವಾ ಸುಮ್ನೆ ಕೆಲಸಕ್ಕೆ ಇದಾನಾ?

ಸೆಫ್ಟ್ರಿಯಾಕ್ಸೋನ್ ಶೆಡ್ಯೂಲ್ ಎಚ್1ರಲ್ಲಿ ಬರುತ್ತೆ, ಅಂದರೆ ಚೀಟಿ ನೋಡಿಯೇ ಕೊಟ್ಟು ಬೇರೆ ಲೆಕ್ಕ ಇಡಬೇಕಾದ ಔಷಧಿಗಳ ಪಟ್ಟಿ. 2013ರಲ್ಲಿ ಹೊರಡಿಸಿದ ನಿಯಮ, 2014ರ ಮಾರ್ಚ್‌ನಿಂದ ಜಾರಿ, ಶುರುವಿನಲ್ಲಿ 46 ಔಷಧಿ. ಇವನ್ನು ಕೊಟ್ಟಾಗ ಡಾಕ್ಟರ್ ಹೆಸರು ವಿಳಾಸ, ರೋಗಿ ಹೆಸರು, ಔಷಧಿ, ಎಷ್ಟು ಕೊಟ್ಟೆ ಅನ್ನೋದೆಲ್ಲ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು.

ಹರಿಹರ_ಸೇತುವೆ
ಹೌದೌದು, ಅಜಿತ್ರೋಮೈಸಿನ್ ಕೂಡ ಎಚ್1 ಅಲ್ವಾ? ನಮ್ಮ ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಡ್ತಾರೆ. ಕೊರೋನಾ ಟೈಮಲ್ಲಿ ಚಾಕೊಲೇಟ್ ಥರ ಹಂಚಿದರು.

ಕೌಂಟರ್_ಒಳಗಿಂದ
ಅಲ್ಲ ಸರ್, ಅದು ಎಚ್. ಎಚ್1ರಲ್ಲಿ ಸೆಫಿಕ್ಸಿಮ್, ಲಿವೋಫ್ಲಾಕ್ಸಸಿನ್, ಮೆರೋಪೆನೆಮ್, ಟಿಬಿ ಔಷಧಿಗಳು, ಆಲ್ಪ್ರಜೋಲಮ್, ಟ್ರಮಡಾಲ್ ಇಂಥವು. ಎಚ್ ಆದರೂ ಚೀಟಿ ಬೇಕೇ ಬೇಕು, ಆ ಬೇರೆ ರಿಜಿಸ್ಟರ್ ಮಾತ್ರ ಬೇಡ. ಅದಕ್ಕಿಂತ ಮೇಲೆ ಶೆಡ್ಯೂಲ್ ಎಕ್ಸ್ ಇದೆ. ಅದಕ್ಕೆ ಚೀಟಿ ಎರಡು ಪ್ರತಿ, ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳಬೇಕು.

ಹರಿಹರ_ಸೇತುವೆ
ಎಚ್ ಆದರೇನು ಎಕ್ಸ್ ಆದರೇನು, ಕೊಡೋದಂತೂ ಕೊಡ್ತಾರೆ.

ಕೌಂಟರ್_ಒಳಗಿಂದ
ಕೊಡಲ್ಲ ಅಂದರೆ ನೀವೇ ಪಕ್ಕದ ಅಂಗಡಿಗೆ ಹೋಗ್ತೀರಿ. ಹೋಗುವಾಗ ಬೈದು ಹೋಗ್ತೀರಿ. ದಿನಾ ನೋಡ್ತೀನಿ ಇದನ್ನ.

ಶಾಮನೂರು_ಶಾಂತಿ
ಗೋಡೆ ಮೇಲೆ ಸರ್ಟಿಫಿಕೇಟ್ ಒಬ್ಬರದು, ಕೌಂಟರ್‌ನಲ್ಲಿ ಇನ್ನೊಬ್ಬರು. ಸರ್ಟಿಫಿಕೇಟ್ ಬಾಡಿಗೆಗೆ ಸಿಗುತ್ತೆ ಅನ್ನೋದು ಯಾರಿಗೆ ಗೊತ್ತಿಲ್ಲ ಹೇಳಿ. ಮೊದಲು ಅದನ್ನ ಸರಿ ಮಾಡ್ಲಿ ನಿಮ್ಮವರು.

ಕೌಂಟರ್_ಒಳಗಿಂದ
ಸರಿ ಮೇಡಂ, ಅದು ಇದೆ, ನಾನು ಸುಳ್ಳು ಹೇಳಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮ ಬಂದ ಮೇಲೂ ಇದೆ. ಅದರಿಂದ ಹೊಟ್ಟೆಗೆ ಪೆಟ್ಟು ಬಿದ್ದಿರೋದು ನಿಜವಾಗಿ ಕೌಂಟರ್‌ನಲ್ಲಿ ನಿಲ್ಲೋ ನಮ್ಮಂಥವರಿಗೇ.

ಆದರೆ ಒಂದು ಮಾತು. ಕೋವಿಡ್ ಲಸಿಕೆಗೆ 2020ರ ಡಿಸೆಂಬರ್‌ನಲ್ಲಿ ಕೇಂದ್ರ ಮಾರ್ಗಸೂಚಿ ಬಂತಲ್ಲ, ಅದರಲ್ಲಿ ಲಸಿಕೆ ಹಾಕಬಹುದಾದವರ ಪಟ್ಟಿಯಲ್ಲಿ ಡಾಕ್ಟರ್, ನರ್ಸ್, ಎಎನ್‌ಎಂ (ಹಳ್ಳಿಯ ಆರೋಗ್ಯ ಸಹಾಯಕಿ) ಜೊತೆ ಫಾರ್ಮಸಿಸ್ಟ್ ಕೂಡ ಇದ್ದರು. ಅವತ್ತು ನಮ್ಮ ಕೈ ನಡುಗಲಿಲ್ಲ. ತರಬೇತಿ ಕೊಟ್ಟು, ಮೇಲುಸ್ತುವಾರಿ ಇಟ್ಟು ಬಿಟ್ಟರೆ ಇವತ್ತೂ ನಡುಗಲ್ಲ. ಬೇಕಾದಾಗ ಕರೆದು ಬೇಡವಾದಾಗ ಕೌಂಟರ್ ಹಿಂದೆ ಕೂರಿಸೋದು ನ್ಯಾಯನಾ?

ಸಿಸ್ಟರ್_ನೈಟ್‌ಡ್ಯೂಟಿ
ಲಸಿಕೆ ತೋಳಿಗೆ. ಇದು ನರಕ್ಕೆ. ಎರಡೂ ಒಂದೇ ಅಲ್ಲ ಅಣ್ಣ.

ಕೌಂಟರ್_ಒಳಗಿಂದ
ಅದನ್ನ ಒಪ್ಪಿದೆ.

ಊರಾಚೆ_ಸಿಎಚ್‌ಒ
ಎಲ್ಲರೂ ಸಿಎಚ್‌ಒ ಮೇಡಂನ ಬೈಯೋಕೆ ಮುಂಚೆ ನಾನು ಮಾತಾಡ್ತೀನಿ. ನಾನೂ ಅದೇ ಕೆಲಸದವಳು, ಬೇರೆ ತಾಲೂಕು.

ನಾವು ನರ್ಸಿಂಗ್ ಓದಿ, ಅದರ ಮೇಲೆ ಸಮುದಾಯ ಆರೋಗ್ಯದ ಕೋರ್ಸ್ ಮಾಡಿ ಬಂದವರು. ಉಪಕೇಂದ್ರದಲ್ಲಿ ನಮಗೆ ಒಂದು ಔಷಧಿ ಪಟ್ಟಿ ಇರುತ್ತೆ. ಬಿಪಿ, ಶುಗರ್ ಮಾತ್ರೆಗಳನ್ನು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್ ಶುರು ಮಾಡಿದ ಮೇಲೆ ತಿಂಗಳು ತಿಂಗಳು ನಾವು ಕೊಡ್ತೀವಿ. ಅಂಗಡಿ ಲೈಸೆನ್ಸ್ ಇಲ್ಲದೆ ನಾವು, ಎಎನ್‌ಎಂ, ಅಂಗನವಾಡಿ ಕಾರ್ಯಕರ್ತೆ ಹೇಗೆ ಔಷಧಿ ಕೊಡ್ತೀವಿ ಅಂತ ಕೇಳಿದರೆ, ಔಷಧ ನಿಯಮಗಳ ಶೆಡ್ಯೂಲ್ ಕೆ ವಿನಾಯಿತಿ ಕೊಡುತ್ತೆ. ಆದರೆ ಅದು ಸರ್ಕಾರದ ಕಾರ್ಯಕ್ರಮದ ಔಷಧಿಗೆ ಮಾತ್ರ. ನೀವು ಕವರ್‌ನಲ್ಲಿ ತಂದ ಬಾಟಲಿ ಎಲ್ಲಿತ್ತು, ಫ್ರಿಜ್ಜಲ್ಲಿತ್ತಾ ಬಿಸಿಲಲ್ಲಿತ್ತಾ ನನಗೇನು ಗೊತ್ತು? ನನ್ನ ಮೇಲಿನ ವೈದ್ಯಾಧಿಕಾರಿ ಬರೆದಿಲ್ಲ. ಖಾಸಗಿ ಡಾಕ್ಟರ್ ಚೀಟಿಯಲ್ಲಿ "ಊರಲ್ಲಿ ಹಾಕಿಸಿ" ಅಂತಿದೆ. ಯಾರು ಹಾಕಬೇಕು, ನರಕ್ಕಾ ಮಾಂಸಕ್ಕಾ, ಎಷ್ಟು ಹೊತ್ತು, ಏನೂ ಇಲ್ಲ.

ಅಮ್ಮನಿಗೆ ಹೆಚ್ಚುಕಮ್ಮಿ ಆದರೆ ಹೋಗೋದು ನನ್ನ ನೋಂದಣಿ, ನನ್ನ ಕೆಲಸ. ಆರ್‌ಎಂಪಿಗೆ ಕಳೆದುಕೊಳ್ಳೋಕೆ ನೋಂದಣಿಯೇ ಇಲ್ಲ. ಅದಕ್ಕೇ ಅವರಿಗೆ ಧೈರ್ಯ. ನೀವು ಕೇಳಿದ ಲೆಕ್ಕ ಇಷ್ಟೇ.

ಕೆರೆಏರಿ
ಮೇಡಂ, ಇಷ್ಟು ಬಿಡಿಸಿ ಅವರೂ ಹೇಳಿದ್ದರೆ ನನಗೆ ಅವತ್ತು ಕೋಪ ಬರ್ತಿರಲಿಲ್ಲ. "ಹಾಕಲ್ಲ" ಅಂತ ಬಾಗಿಲು ಹಾಕ್ಕೊಂಡರು.

ಊರಾಚೆ_ಸಿಎಚ್‌ಒ
ಅದು ತಪ್ಪು. ಪಿಎಚ್‌ಸಿಗೆ ಹೋಗಿ ಅಂತ ದಾರಿ ತೋರಿಸಬೇಕಿತ್ತು.

ದುರ್ಗದ_ಬಿಸಿಲು
ಸಿಎಚ್‌ಒ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನಿಯಮ ಅಂದರೆ ಬರೀ "ಬೇಡ" ಅಂತ ಅಲ್ಲ. ಎಳೆ ಕೂಸಿಗೆ ರಕ್ತದಲ್ಲಿ ಸೋಂಕಾಗಿ, ದೊಡ್ಡ ಆಸ್ಪತ್ರೆಗೆ ಕಳಿಸೋಕೆ ಆಗದೇ ಇದ್ದಾಗ ಎಎನ್‌ಎಂ ಜೆಂಟಾಮೈಸಿನ್ ಇಂಜೆಕ್ಷನ್ ಕೊಡಬಹುದು ಅಂತ 2014ರಲ್ಲಿ ಕೇಂದ್ರವೇ ಮಾರ್ಗಸೂಚಿ ಮಾಡಿತು. ಬಾಣಂತಿಗೆ ಫಿಟ್ಸ್ ಬಂದರೆ ಮೆಗ್ನೀಸಿಯಂ ಸಲ್ಫೇಟ್ ಮೊದಲ ಡೋಸ್ ಹಾಕಿ ಕಳಿಸಬಹುದು. ಯಾವ ಸಂದರ್ಭ, ಯಾವ ಔಷಧಿ, ಎಷ್ಟು ಅಂತ ಮೊದಲೇ ಬರೆದಿದ್ದಾರೆ. ಬರೆಯದೆ ಇರೋ ಕಡೆ ಎಲ್ಲರೂ ಕೈ ಎತ್ತುತ್ತಾರೆ.

ಲೀಡ್ಸ್_ದಾವಣಗೆರೆ
ನಾನು ಇಂಗ್ಲೆಂಡ್‌ನಲ್ಲಿ ನರ್ಸ್, ಹುಟ್ಟಿದ್ದು ಕೆಟಿಜೆ ನಗರ. ಇಲ್ಲಿ ಇದನ್ನೇ ದೊಡ್ಡ ವ್ಯವಸ್ಥೆ ಮಾಡಿದ್ದಾರೆ. ಪೇಷೆಂಟ್ ಗ್ರೂಪ್ ಡೈರೆಕ್ಷನ್ ಅಂತ ಇದೆ. ಡಾಕ್ಟರ್ ಮತ್ತು ಫಾರ್ಮಸಿಸ್ಟ್ ಸೇರಿ ಮೊದಲೇ ಬರೆದು ಸಹಿ ಹಾಕಿದ ಆದೇಶ. ಅದರಲ್ಲಿ ಹೇಳಿದ ಥರದ ರೋಗಿ ಬಂದರೆ ಪ್ರತಿಯೊಬ್ಬರಿಗೂ ಬೇರೆ ಚೀಟಿ ಬೇಡ, ನರ್ಸ್, ಸೂಲಗಿತ್ತಿ, ಪ್ಯಾರಾಮೆಡಿಕ್, ಫಾರ್ಮಸಿಸ್ಟ್ ಇಂಥ ನೋಂದಾಯಿತರು ಕೊಡಬಹುದು. ಆದರೆ ನಾನೇ ನೋಡಿ ನಾನೇ ಕೊಡಬೇಕು. ನೋಡೋದು ನಾನು, ಚುಚ್ಚೋದು ಸಹಾಯಕಿ ಅನ್ನೋ ಹಾಗಿಲ್ಲ. ನೋಂದಣಿ ಇಲ್ಲದ ಸಹಾಯಕರು ಇದರಡಿ ಕೆಲಸ ಮಾಡೋ ಹಾಗೇ ಇಲ್ಲ.

ಫಾರ್ಮಸಿಸ್ಟ್ ಅಣ್ಣನಿಗೆ ಖುಷಿ ಆಗೋ ಸುದ್ದಿ: 2024ರ ಜನವರಿ ಕೊನೆಯಿಂದ ಇಲ್ಲಿ ಗಂಟಲು ನೋವು, ಹೆಂಗಸರ ಸಾಮಾನ್ಯ ಮೂತ್ರದ ಸೋಂಕು ಸೇರಿ 7 ತೊಂದರೆಗಳಿಗೆ ಫಾರ್ಮಸಿಯಲ್ಲೇ ನೋಡಿ ಔಷಧಿ ಕೊಡ್ತಾರೆ. ಬೇಕಿದ್ದರೆ ಆಂಟಿಬಯೋಟಿಕ್ ಕೂಡ.

ಕೌಂಟರ್_ಒಳಗಿಂದ
ನೋಡಿದ್ರಾ!

ಸಿಸ್ಟರ್_ನೈಟ್‌ಡ್ಯೂಟಿ
ಅಲ್ಲಿ ಸರ್ಟಿಫಿಕೇಟ್ ಬಾಡಿಗೆಗೆ ಸಿಗುತ್ತಾ ಅಣ್ಣ?

ಬೆಣ್ಣೆದೋಸೆ_ಭಕ್ತ
ಔಟ್! ಕ್ಲೀನ್ ಬೌಲ್ಡ್!!

ಎಮ್ಮೆ_ಮಂಜ
ಮನುಷ್ಯರಿಗೆ ಇಷ್ಟು ಚರ್ಚೆ. ನಮ್ಮ ಎಮ್ಮೆಗೆ ಯಾರು ಬೇಕಾದ್ರೂ ಇಂಜೆಕ್ಷನ್ ಹಾಕ್ತಾರೆ. ಹಾಲು ಇಳಿಸೋಕೆ ಆಕ್ಸಿಟೋಸಿನ್ ಸಂತೆಯಲ್ಲಿ ಸಿಗ್ತಿತ್ತು ಒಂದು ಕಾಲಕ್ಕೆ.

ದುರ್ಗದ_ಬಿಸಿಲು
ಮಂಜಣ್ಣ, ಅದಕ್ಕೇ 2018ರಲ್ಲಿ ಖಾಸಗಿ ಕಂಪನಿ ಆಕ್ಸಿಟೋಸಿನ್ ಮಾಡಬಾರದು, ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕೆಎಪಿಎಲ್ ಒಂದೇ ಮಾಡಲಿ ಅಂದರು. ಬಾಣಂತಿಯರ ರಕ್ತಸ್ರಾವ ನಿಲ್ಲಿಸೋ ಔಷಧಿ ಅದು, ಒಂದೇ ಕಡೆ ತಯಾರಾದರೆ ಕೊರತೆ ಬಂದರೆ ಗತಿ ಏನು ಅಂತ ಕೇಸ್ ಆಯ್ತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ದನದ ಡೈಕ್ಲೋಫೆನಾಕ್ ಕಥೆ ಇನ್ನೂ ಹಳೇದು. ಅದನ್ನು ಹಾಕಿಸಿಕೊಂಡು ಸತ್ತ ದನ ತಿಂದು ರಣಹದ್ದುಗಳು ಕಿಡ್ನಿ ಹೋಗಿ ಸತ್ತವು, 2006ರಲ್ಲಿ ಪಶುಗಳಿಗೆ ನಿಷೇಧ ಆಯ್ತು. ಆಮೇಲೂ ಮನುಷ್ಯರ ದೊಡ್ಡ ಬಾಟಲಿ ತಂದು ದನಕ್ಕೆ ಹಾಕ್ತಿದ್ದರು. 2015ರಲ್ಲಿ ಬಾಟಲಿಯನ್ನೇ 3 ಎಂಎಲ್‌ಗೆ ಇಳಿಸಿದರು.

ಎಮ್ಮೆ_ಮಂಜ
ಅದಕ್ಕಾ ಬಾಟಲಿ ಚಿಕ್ಕದಾಗಿದ್ದು! ಕಂಪನಿಯವರು ಮೋಸ ಮಾಡ್ತಿದಾರೆ ಅನ್ಕೊಂಡಿದ್ದೆ.

ಹರಿಹರ_ಸೇತುವೆ
ಜಗಳೂರು ಕಡೆ ರಣಹದ್ದು ಇದಾವಾ? ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಇದಾವೆ ಅಂತ ಕೇಳಿದ್ದೆ.

ನಿರ್ವಾಹಕ
ಕೊಂಡುಕುರಿಗೆ ಬೇರೆ ಎಳೆ ತೆಗೆಯಿರಿ. ಇಲ್ಲಿ ಇಂಜೆಕ್ಷನ್.

ಶಾಮನೂರು_ಶಾಂತಿ
ಒಂದು ಡೌಟ್. ಅಪ್ಪನಿಗೆ ಇನ್ಸುಲಿನ್ ನಾನೇ ಹಾಕ್ತೀನಿ. ಇದೂ ಅಪರಾಧನಾ?

ಸಿಸ್ಟರ್_ನೈಟ್‌ಡ್ಯೂಟಿ
ಇಲ್ಲ ಮೇಡಂ. ರೋಗಿ ತಾನೇ ಹಾಕಿಕೊಳ್ಳೋದು, ಮನೆಯವರು ಕಲಿತು ಹಾಕೋದು ಸರಿಯೇ. ಅದಕ್ಕೇ ಆಸ್ಪತ್ರೆಯಲ್ಲಿ ನಿಮಗೆ ಕಲಿಸಿ ಕಳಿಸ್ತಾರೆ. ಕಾನೂನು ಹಿಡಿಯೋದು ಅದನ್ನೇ ವೃತ್ತಿ ಮಾಡಿಕೊಂಡು ದುಡ್ಡು ತಗೊಳ್ಳೋ ಅನರ್ಹರನ್ನ. ಹಾಗಂತ ಮನೆಯಲ್ಲಿ ಸೆಫ್ಟ್ರಿಯಾಕ್ಸೋನ್ ನರಕ್ಕೆ ಹಾಕೋಕೆ ಹೋಗಬೇಡಿ.

ಬಿಎಎಂಎಸ್_ಚನ್ನಗಿರಿ
ನಮ್ಮಂಥವರ ಬಗ್ಗೆ ಯಾರೂ ಮಾತಾಡಿಲ್ಲ ಇನ್ನೂ, ಆಶ್ಚರ್ಯ 😀 ಹಳ್ಳಿಯಲ್ಲಿ ಡಾಕ್ಟರ್ ಅಂತ ಸಿಗೋದು ಬಹಳ ಕಡೆ ಆಯುರ್ವೇದದವರೇ.

ದುರ್ಗದ_ಬಿಸಿಲು
ಡಾಕ್ಟ್ರೇ, ನೀವೇ ಎಳೆದುಕೊಂಡ್ರಿ. 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಹೋಮಿಯೋಪಥಿಯವರು ಅಲೋಪಥಿ ಔಷಧಿ ಕೊಟ್ಟಿದ್ದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟ್ ಹೇಳಿತು. 1998ರಲ್ಲಿ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ, ರಾಜ್ಯ ಸರ್ಕಾರ ಆದೇಶ ಮಾಡಿ ಅವಕಾಶ ಕೊಟ್ಟಿದ್ದರೆ, ಎಷ್ಟು ಕೊಟ್ಟಿದೆಯೋ ಅಷ್ಟರ ಮಟ್ಟಿಗೆ ಬರೆಯಬಹುದು ಅಂತು. ಒಟ್ಟಿನಲ್ಲಿ ರಾಜ್ಯದ ಆದೇಶ ಕೈಯಲ್ಲಿ ಇರಬೇಕು.

ಬಿಎಎಂಎಸ್_ಚನ್ನಗಿರಿ
ಗೊತ್ತು ವಕೀಲರೇ. ಅದಕ್ಕೇ ನಾನು ಕಷಾಯದಲ್ಲೇ ಇದೀನಿ. ಕೆರೆಏರಿ ಅವರೇ, ನನ್ನ ಹತ್ತಿರ ಬಂದಿದ್ದರೂ ಪಿಎಚ್‌ಸಿಗೇ ಕಳಿಸ್ತಿದ್ದೆ.

ಹರಿಹರ_ಸೇತುವೆ
ನನ್ನದೂ ಒಂದು ಪ್ರಶ್ನೆ ಇದೆ ಕೌಂಟರ್ ಅಣ್ಣನಿಗೆ. ಡಾಕ್ಟರ್ ಒಂದು ಕಂಪನಿದು ಬರೀತಾರೆ, ಅಂಗಡಿಯವರು "ಅದೇ ಐಟಂ, ಬೇರೆ ಕಂಪನಿ" ಅಂತ ಬದಲಿಸಿ ಕೊಡ್ತಾರೆ. ಸರಿನಾ?

ಕೌಂಟರ್_ಒಳಗಿಂದ
ನಿಯಮ 65ರಲ್ಲಿ ಸ್ಪಷ್ಟವಾಗಿದೆ. ಎಚ್, ಎಚ್1, ಎಕ್ಸ್ ಔಷಧಿ ಇರೋ ಚೀಟಿಗೆ ಬದಲಾಗಿ ಬೇರೇದು ಕೊಡೋ ಹಾಗಿಲ್ಲ, ಒಳಗಿರೋ ಅಂಶ ಅದೇ ಆಗಿದ್ದರೂ. ಡಾಕ್ಟರ್‌ನ ಕೇಳಬೇಕು. ಇನ್ನೊಂದು, ಒಂದು ಚೀಟಿಗೆ ಒಂದೇ ಸಲ ಔಷಧಿ. ಮತ್ತೆ ಕೊಡಬಹುದು ಅಂತ ಡಾಕ್ಟರ್ ಬರೆದಿದ್ದರೆ ಮಾತ್ರ ಎರಡನೇ ಸಲ. ಹೋದ ವರ್ಷದ ಚೀಟಿ ತಂದು ಜಗಳ ಮಾಡೋರಿಗೆ ಇದನ್ನ ಓದಿ ಹೇಳಿ ಸಾಕಾಗಿದೆ.

ಡಾಕ್ಟರ್‌ಗಳು ಜೆನೆರಿಕ್ ಹೆಸರಲ್ಲೇ ಬರೀಬೇಕು ಅಂತ 2023ರ ಆಗಸ್ಟ್‌ನಲ್ಲಿ ನಿಯಮ ಬಂತು. ಅದೇ ತಿಂಗಳು ತಡೆಹಿಡಿದರು.

ಹೊನ್ನಾಳಿ_ಹಳಬ
ಬರೋದು ತಡೆಯೋದು, ಇದೇ ಆಯ್ತು. ಜ್ವರದ ಮಾತ್ರೆ ಕಿರಾಣಿ ಅಂಗಡಿಯಲ್ಲಿ ಸಿಗೋದನ್ನೂ ನಿಲ್ಲಿಸಿಬಿಡಿ ಒಂದು ದಿನ.

ಕೌಂಟರ್_ಒಳಗಿಂದ
ಹಿರಿಯರೇ, ನಿಮ್ಮಂಥವರಿಗೇ ಶೆಡ್ಯೂಲ್ ಕೆ ದಾರಿ ಇಟ್ಟಿದೆ. ಸಾವಿರಕ್ಕಿಂತ ಹೆಚ್ಚು ಜನ ಇಲ್ಲದ ಹಳ್ಳಿಯಲ್ಲಿ ಪ್ಯಾರಸಿಟಮಾಲ್, ನೋವಿನ ಮುಲಾಮು, ಗ್ರೈಪ್ ವಾಟರ್ ಇಂಥ ಮನೆ ಔಷಧಿಯನ್ನು ಲೈಸೆನ್ಸ್ ಇಲ್ಲದೆ ಮಾರಬಹುದು, ಒಡೆಯದ ಪ್ಯಾಕ್‌ನಲ್ಲಿ. ಆಂಟಿಬಯೋಟಿಕ್ ಮಾತ್ರ ಅಲ್ಲಿ ಬರಲ್ಲ.

ಹೊನ್ನಾಳಿ_ಹಳಬ
ಇದು ಗೊತ್ತಿರಲಿಲ್ಲ. ನಮ್ಮೂರಲ್ಲಿ ಜನ ಜಾಸ್ತಿ ಆಗಿಬಿಟ್ಟಿದಾರೆ.

ಸಿಸ್ಟರ್_ನೈಟ್‌ಡ್ಯೂಟಿ
ಕೆರೆಏರಿ, ಮಾತು ಎಲ್ಲೆಲ್ಲೋ ಹೋಯ್ತು. ನೀವು ಎರಡು ಕೆಲಸ ಮಾಡಿ. ಡಿಸ್ಚಾರ್ಜ್ ಸಮ್ಮರಿ ತಗೊಂಡು ಪಿಎಚ್‌ಸಿ ಡಾಕ್ಟರ್ ಹತ್ತಿರ ಹೋಗಿ, ಅಮ್ಮನನ್ನೂ ಕರ್ಕೊಂಡು. ಅವರು ನೋಡಿ ತಮ್ಮ ಒಪಿಡಿ ಚೀಟಿಯಲ್ಲಿ ಬರೆದರೆ ಅಲ್ಲಿನ ಸ್ಟಾಫ್ ನರ್ಸ್ ಹಾಕ್ತಾರೆ.

ಅದಕ್ಕೆ ಮುಂಚೆ ದಾವಣಗೆರೆ ಡಾಕ್ಟರ್‌ಗೆ ಫೋನ್ ಮಾಡಿ ಕೇಳಿ, "ದಿನಕ್ಕೆ ಒಂದೇ ಸಲ ಆಗುತ್ತಾ, ಇಲ್ಲಾ ಮಾತ್ರೆಗೆ ಬದಲಿಸಬಹುದಾ?" ಸೆಫ್ಟ್ರಿಯಾಕ್ಸೋನ್ ದೇಹದಲ್ಲಿ ತುಂಬಾ ಹೊತ್ತು ಇರುತ್ತೆ, ಬಹಳ ಸೋಂಕುಗಳಿಗೆ ದಿನಕ್ಕೊಮ್ಮೆ ಕೊಡ್ತಾರೆ. ಅಮ್ಮನ ರಿಪೋರ್ಟ್ ನೋಡಿ ತೀರ್ಮಾನ ಮಾಡೋದು ಅವರೇ, ನಾನಲ್ಲ ನೀವೂ ಅಲ್ಲ. ಆದರೆ ಕೇಳೋದಕ್ಕೆ ಏನು?

ಕೆರೆಏರಿ
ಕೇಳಿದೆ ಸಿಸ್ಟರ್. ಮೊದಲು ಡ್ಯೂಟಿ ಡಾಕ್ಟರ್ ಗದರಿಸಿದರು, ಆಮೇಲೆ ದೊಡ್ಡ ಡಾಕ್ಟರ್ ಲೈನಿಗೆ ಬಂದರು. "ಹಳ್ಳಿ ಅಂತ ಮೊದಲೇ ಹೇಳಬೇಕಿತ್ತು" ಅಂದರು. ಆಧಾರ್ ಕಾರ್ಡ್‌ನಲ್ಲಿ ಊರಿನ ಹೆಸರು ಇತ್ತು ಸ್ವಾಮಿ ಅನ್ನೋ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಬೆಳಿಗ್ಗೆ ಒಂದೇ ಸಲ, ಎರಡು ಬಾಟಲಿ ಸೇರಿಸಿ ಸಲೈನ್‌ನಲ್ಲಿ ಅರ್ಧ ಗಂಟೆ ಅಂತ ಲೆಟರ್‌ಹೆಡ್‌ನಲ್ಲಿ ಬರೆದು, ಸಹಿ ಹಾಕಿ ವಾಟ್ಸಾಪ್ ಮಾಡಿದರು.

ಇವತ್ತು ಬೆಳಿಗ್ಗೆ ಪಿಎಚ್‌ಸಿಗೆ ಹೋದ್ವಿ. ಅಲ್ಲಿನ ಡಾಕ್ಟರ್ ಅಮ್ಮನನ್ನ ನೋಡಿ ತಮ್ಮ ಚೀಟಿಯಲ್ಲೂ ಬರೆದರು. ಹಳೇ ಕ್ಯಾನುಲಾ ಊದಿತ್ತು, ತೆಗೆದು ಇನ್ನೊಂದು ಕೈಗೆ ಹಾಕಿದರು. ನರ್ಸ್ ಮುಗಿಯೋವರೆಗೂ ಬಂದು ಬಂದು ನೋಡಿಕೊಂಡು ಹೋಗ್ತಿದ್ದರು. ದುಡ್ಡು ಕೇಳಲಿಲ್ಲ. ಭಾನುವಾರವೂ ಬನ್ನಿ, ಸ್ಟಾಫ್ ನರ್ಸ್ ಇರ್ತಾರೆ ಅಂದಿದಾರೆ.

ಊರಾಚೆ_ಸಿಎಚ್‌ಒ
ಒಳ್ಳೇದಾಯ್ತು. ಎರಡೂ ಚೀಟಿ ಜೋಪಾನ, ದಿನಾ ತಗೊಂಡು ಹೋಗಿ. ಡ್ಯೂಟಿ ಬದಲಾದ ನರ್ಸ್ ಮತ್ತೆ ಕೇಳ್ತಾರೆ.

ಹೊನ್ನಾಳಿ_ಹಳಬ
ಭಾನುವಾರ ನರ್ಸ್ ಇರ್ತಾರಾ ನೋಡಿ ಬರೀರಿ. ಆಮೇಲೆ ನಂಬ್ತೀನಿ.

ಕೆರೆಏರಿ
ಬರೀತೀನಿ ಯಜಮಾನ್ರೇ. ಮೆಡಿಕಲ್ ಶಾಪ್ ಹುಡುಗ ಮಾತ್ರ ಮುನಿಸಿಕೊಂಡಿದಾನೆ.

ಕೌಂಟರ್_ಒಳಗಿಂದ
ಡಿ.ಫಾರ್ಮ್ ಸೇರಿಕೋ ಅಂತ ಹೇಳಿ ಅವನಿಗೆ. ದ್ವಿತೀಯ ಪಿಯುಸಿ ಸೈನ್ಸ್ ಆಗಿದ್ದರೆ ಸಾಕು, ಎರಡು ವರ್ಷದ ಕೋರ್ಸ್. ಬೇಕಾದ್ರೆ ನನ್ನ ಹತ್ತಿರ ಕಳಿಸಿ, ಮಾತಾಡ್ತೀನಿ.